ಅವರ ಕಾಯಿಲೆ, ನನ್ನ ಬಾಯಿ

ನಮ್ಮ ಕಡೆ ಕಾಯಿಲೆಯವರು ಡಾಕ್ಟರ ಮುಂದೆ ಬಾಯಿ ಬಿಡುವ ರೂಢಿ ಇಲ್ಲ. ಎಲ್ಲಿ ನೋವು, ಎಷ್ಟು ದಿನದಿಂದ, ಏನು ತಿಂದರು, ಎಲ್ಲವನ್ನೂ ಜೊತೆಗೆ ಬಂದವರೇ ಹೇಳಬೇಕು. ಕಾಯಿಲೆಯವರು ನಾಲಿಗೆ ತೋರಿಸಿದರೆ ಸಾಕು. ಅತ್ತೆಯ ಮಂಡಿನೋವು, ನನ್ನ ತಮ್ಮನ ಕಾಮಾಲೆ, ಎಲ್ಲವನ್ನೂ ನಾನು ಹೀಗೇ ನಿಭಾಯಿಸಿದ್ದೆ. ನಮ್ಮ ಯಜಮಾನರನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗಲೂ ಕುರ್ಚಿ ಎಳೆದುಕೊಂಡು ಮುಂದೆ ಕೂತವಳು ನಾನೇ.

ಅವರು ಮಿಲಿಟ್ರಿಯಲ್ಲಿದ್ದವರು. ಗಡಿಯಲ್ಲಿ ಬೆಟ್ಟದ ಮೇಲೆ ಕಾವಲಿದ್ದಾಗ ಶೆಲ್ ಬಿದ್ದು, ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದ ಜೊತೆಗಾರ ಹೋಗಿಬಿಟ್ಟ. ಇವರ ಮೈಮೇಲೆ ಒಂದು ಗೀರೂ ಇರಲಿಲ್ಲ. ಊರಿಗೆ ಬಂದ ಮೇಲೆ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಗೇಟ್ ಕಾಯುವ ಕೆಲಸ ಸಿಕ್ಕಿತು. ಆಗ ಅಲ್ಲಿ ನೋಡನೋಡುತ್ತಲೇ ಹೊಸ ಶೆಡ್ಡುಗಳು ಏಳುತ್ತಿದ್ದವು, ಮಿಲಿಟ್ರಿಯವರು ಅಂದರೆ ಕಣ್ಣು ಮುಚ್ಚಿ ಕೆಲಸ ಕೊಡುತ್ತಿದ್ದರು. ಒಂದು ಬೆಳಗ್ಗೆ ಲಾರಿಯಿಂದ ಕಬ್ಬಿಣದ ಶೀಟುಗಳನ್ನು ದಢಾರನೆ ಇಳಿಸಿದ್ದಾರೆ. ಇವರು ಮೇಜಿನ ಕೆಳಗೆ ಸೇರಿಕೊಂಡವರು ಊಟದ ಗಂಟೆ ಹೊಡೆಯುವವರೆಗೂ ಹೊರಗೆ ಬರಲಿಲ್ಲ. ನೋಡಿದವರು ನಕ್ಕರಂತೆ. ಅವರ ಮನೆ ಹಾಳಾಗ.

ಅತ್ತೆ ಕೆಂಗಲ್ ಆಂಜನೇಯನಿಗೆ ಹರಕೆ ಹೊತ್ತರು, ತಾಯತ ಕಟ್ಟಿಸಿದರು. ನಾನು ಬೇಡ ಅನ್ನಲಿಲ್ಲ. ಆದರೆ ನನ್ನ ಸಂಕಟವೇ ಬೇರೆಯಿತ್ತು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ನಮ್ಮ ನಾಲ್ಕು ವರ್ಷದ ಮಗಳು ಆಟವಾಡುತ್ತಾ ಅಪ್ಪನ ಎದೆ ಹತ್ತಿದಳು. ಅವರು ನಿದ್ದೆಗಣ್ಣಲ್ಲೇ ಅವಳ ಕುತ್ತಿಗೆಗೆ ಕೈ ಹಾಕಿದರು. ನಾನು ರೇಷ್ಮೆ ಹುಳುವಿಗೆ ಹಾಕುತ್ತಿದ್ದ ಸೊಪ್ಪನ್ನು ಬಿಸಾಕಿ ಓಡಿಬಂದು ಬಿಡಿಸಿದೆ. ಮಗುವಿಗೆ ಏನೂ ಆಗಲಿಲ್ಲ. ಅವತ್ತಿನಿಂದ ಮಾತ್ರ ನಾನು ಅವಳನ್ನು ಅವರ ಹತ್ತಿರ ಬಿಡಲಿಲ್ಲ. ಇದನ್ನು ಅತ್ತೆಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚು ಅಂತ ಬರೆದುಕೊಂಡುಬಿಟ್ಟರೆ? ನಾಳೆ ಹುಚ್ಚನ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ?

ಆ ಡಾಕ್ಟರಮ್ಮ ಹದಿನೈದು ದಿನಕ್ಕೊಮ್ಮೆ ರಾಮನಗರಕ್ಕೆ ಬರುತ್ತಿದ್ದರು, ನನಗಿಂತ ಚಿಕ್ಕವರು. ಸೂಜಿ ಇಲ್ಲ, ಡ್ರಿಪ್ಪಿಲ್ಲ. ಒಂದೆರಡು ಮಾತ್ರೆ ಬರೆದುಕೊಟ್ಟು ಬರೀ ಪ್ರಶ್ನೆ ಕೇಳುವುದು. ಇದಕ್ಕೆ ನಮ್ಮೂರು ಕೈಲಾಂಚದಿಂದ ಬಸ್ಸಲ್ಲಿ ನೇತಾಡಿಕೊಂಡು ಬರಬೇಕಾ ಅಂತ ಗೊಣಗುತ್ತಿದ್ದೆ.

“ನಿದ್ದೆ ಹೇಗಿದೆ?” ಅಂತ ನಮ್ಮ ಯಜಮಾನರನ್ನು ಕೇಳಿದರೆ, “ಒಸಿ ವಾಸಿ ಮೇಡಂ, ಎಲ್ಡು ಗಂಟೆ ಮಲಗ್ತಾರೆ” ಅನ್ನುತ್ತಿದ್ದೆ ನಾನು.

“ಸದ್ದು ಕೇಳಿದಾಗ ಏನು ನೆನಪಾಗುತ್ತೆ?”

“ಅದೇ, ಜೊತೆಗಾರ ಸತ್ತೋದ್ನಲ್ಲ ಮೇಡಂ, ಅದೇಯಾ.”

ಬೆಟ್ಟದ ಮೇಲೆ ನಾನೇ ಬಂದೂಕು ಹಿಡಿದು ನಿಂತಿದ್ದೆನೇನೋ ಅನ್ನುವಂತೆ ಹೇಳುತ್ತಿದ್ದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಕೂತಿರುತ್ತಿದ್ದರು.

ಐದನೇ ಸಲ ಡಾಕ್ಟರಮ್ಮ ನನ್ನ ಕಡೆ ತಿರುಗಿ, “ನೀವು ಸ್ವಲ್ಪ ಹೊರಗೆ ಕೂತಿರಿ ಅಕ್ಕ” ಅಂದರು.

“ಅವ್ರಿಗೆ ಮಾತಾಡಕ್ಕೆ ಬರಲ್ಲ ಮೇಡಂ.”

“ಪರವಾಗಿಲ್ಲ, ಕಾಯ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಮಾತೇ ಆಡದ ಮನುಷ್ಯ ಒಳಗೆ ಕೂತು ಏನು ಕಡಿದು ಕಟ್ಟೆ ಹಾಕುತ್ತಾರೆ ಅಂದುಕೊಂಡು ಬೆಂಚಿನ ಮೇಲೆ ಕೂತೆ. ಹೆಚ್ಚುಕಮ್ಮಿ ಒಂದು ಗಂಟೆ ಬಾಗಿಲು ತೆರೆಯಲಿಲ್ಲ. ಆಮೇಲಿನ ಎರಡು ಸಲವೂ ಅದೇ ಕಥೆ. ಬಸ್ಸಲ್ಲಿ ಏನು ಹೇಳಿದಿರಿ ಅಂತ ಕೆದಕಿದರೆ ಅವರು ಕಿಟಕಿ ಕಡೆ ತಿರುಗುತ್ತಿದ್ದರು. ನನ್ನ ಗಂಡ ನನಗಿಲ್ಲದ ಮಾತನ್ನು ಬೇರೆಯವರಿಗೆ ಕೊಡುತ್ತಿದ್ದಾರಲ್ಲ ಅಂತ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅದರ ಮುಂದಿನ ಸಲ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು, “ನೀವೇ ಹೇಳಿ” ಅಂತ ಅವರಿಗಂದರು.

ಅವರು ತಮ್ಮ ಚಪ್ಪಲಿ ನೋಡುತ್ತಾ ಹೇಳಿದರು: “ಬೆಟ್ಟದ್ದು ಅಂಗಿರ್ಲಿ, ಈಗ ನಿಮಗೆ ಯಾವ್ದು ಜಾಸ್ತಿ ನೋವು ಅಂತ ಮೇಡಂ ಕೇಳುದ್ರು. ಮಗೀನ ಕುತ್ಗೆ ಹಿಡ್ದಿದ್ದು ಹೇಳ್ಬುಟ್ಟೆ. ಆಮೇಲೆ, ನಾನು ಹಟ್ಟಿ ಮುಂದಕ್ಕೆ ಬಂದ್ರೆ ನೀನು ಮಗೀನ ಎತ್ಕಂಡು ಒಳಕ್ಕೆ ಹೋಯ್ತೀಯಲ್ಲ ಕಣಮ್ಮಿ, ಅದೇ ಜಾಸ್ತಿ ಅಂದೆ.”

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಇಷ್ಟು ದಿನ ಅವರ ನೋವನ್ನೆಲ್ಲ ನಾನೇ ಹೇಳುತ್ತಿದ್ದೆನಲ್ಲ, ಅದರಲ್ಲಿ ಇದು ಒಂದು ಸಲವೂ ಬಂದಿರಲಿಲ್ಲ. ಡಾಕ್ಟರಮ್ಮ ಹುಚ್ಚು ಅಂತ ಏನೂ ಬರೆಯಲಿಲ್ಲ. ಮಲಗಿದ್ದಾಗ ಮಗು ಹತ್ತಿರ ಹೋಗುವುದು ಬೇಡ, ಎಬ್ಬಿಸುವವರು ಮುಟ್ಟದೆ ದೂರದಿಂದ ಹೆಸರು ಹಿಡಿದು ಕೂಗಬೇಕು, ಎಚ್ಚರವಾಗಿದ್ದಾಗ ಮಾತ್ರ ಮಗುವನ್ನು ಕಿತ್ತುಕೊಳ್ಳಬೇಡಿ ಅಂದರು.

ಅದಾದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹೋಗಿಬಂದೆವು. ಪೂರ್ತಿ ವಾಸಿಯಾಯಿತು ಅಂತ ಹೇಳಲಾರೆ. ದೀಪಾವಳಿ ಬಂದರೆ ಈಗಲೂ ಅವರು ಕೋಣೆ ಸೇರುತ್ತಾರೆ.

ಡಾಕ್ಟರಮ್ಮ ಹೇಳಿದ ಆ ವಾರದಲ್ಲೇ ಒಂದು ಸಂಜೆ ಅವರು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟರು. ಮಗಳು “ನಾನೂ ಬತ್ತೀನಿ” ಅಂತ ಹಿಂದೆ ಬಿದ್ದಳು. ಅವರು ನಿಂತು ನನ್ನ ಮುಖ ನೋಡಿದರು. ಹುಷಾರು, ಕೈ ಬಿಡಬೇಡಿ, ಬೇಗ ಬನ್ನಿ, ಎಲ್ಲ ನಾಲಿಗೆ ತುದಿಗೆ ಬಂತು. ನುಂಗಿಕೊಂಡು, “ಹೋಗ್ಬುಟ್ಟು ಬನ್ನಿ” ಅಂದೆ. ಹೋಗಿಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದೆ, ಆದರೂ ರಸ್ತೆಯ ತಿರುವಿನವರೆಗೆ ಹೋಗಿ ನಾನು ಇಣುಕಲಿಲ್ಲ.