ಕೊನೆಗೆ ಏನಂದರು

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ‘ಮಾತಾಡಿಸ್ಕೊಂಡು ಬರೋದು’ ಅನ್ನುತ್ತಾರೆ. ಹೆಸರಿಗೆ ಮಾತಾಡಿಸುವವರು ಅವರು, ಬಾಯಿ ನೋಯುವುದು ಮಾತ್ರ ಮನೆಯವರದು. ಬಂದವರು ಗೋಡೆಗೊರಗಿ ಕೂತು, ಸ್ವಲ್ಪ ಹೊತ್ತು ನೆಲ ನೋಡಿ, ಆಮೇಲೆ ‘ಹೆಂಗಾತವ್ವಾ?’ ಎಂದು ಕೇಳುತ್ತಾರೆ. ಆಗ ಮೊದಲಿನಿಂದ ಹೇಳಬೇಕು. ಅರ್ಧ ಹೇಳುವಾಗ ಇನ್ಯಾರಾದರೂ ಬಂದರೆ ಅವರಿಗೋಸ್ಕರ ಮತ್ತೆ ಮೊದಲಿನಿಂದ. ಹೊರಡುವಾಗ ‘ಬರ್ತೀವಿ’ ಅನ್ನುವಂತಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ.

ಈ ಬೇಸಿಗೆಯಲ್ಲಿ ನನ್ನ ಗಂಡ ತೀರಿಕೊಂಡಾಗ, ವಿನೋಬನಗರದ ನಮ್ಮ ಮನೆಯಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ಹೊತ್ತಿನಲ್ಲಿ ಜೊತೆಗಿದ್ದವಳು ನಾನೊಬ್ಬಳೇ. ಮಗಳು ಕಾಲೇಜಿಗೆ ಹೋಗಿದ್ದಳು. ಅತ್ತೆ ಹಿಂದಿನ ದಿನವಷ್ಟೇ ಹರಿಹರಕ್ಕೆ, ನನ್ನ ನಾದಿನಿಯ ಮನೆಗೆ ಹೋಗಿದ್ದರು. ನಮ್ಮವರಿಗೆ ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸಿಗೆಂದು ಹೊರಟವರು ಯಾಕೋ ಎದೆ ಉರಿಯುತ್ತದೆ ಎಂದು ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿದರು. ಪಕ್ಕದ ಮನೆಯವರು ಆಟೋ ತರಲು ಓಡಿದರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಇಷ್ಟೇ.

ಇಷ್ಟನ್ನು ಹೇಳಿ ಹೇಳಿ ನನಗೆ ಬಾಯಿಪಾಠವಾಯಿತು. ಯಾವ ಮಾತಿಗೆ ಕೇಳುವವರು ಲೊಚಗುಟ್ಟುತ್ತಾರೆ, ಯಾವ ಮಾತಿಗೆ ಸೆರಗು ಕಣ್ಣಿಗೆ ಹೋಗುತ್ತದೆ ಎಂದು ಮೊದಲೇ ಗೊತ್ತಾಗುತ್ತಿತ್ತು. ಅಲ್ಲಿ ನಿಲ್ಲಿಸಿ, ಅವರು ಅತ್ತು ಮುಗಿಸಿದ ಮೇಲೆ ಮುಂದುವರಿಸುತ್ತಿದ್ದೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಯಾರದೋ ಗಂಡ, ಯಾವುದೋ ಮಂಚ. ‘ಅತ್ತುಬಿಡವ್ವಾ, ಒಳಗಿಟ್ಕಬ್ಯಾಡ’ ಎಂದು ಹೆಂಗಸರು ಬೆನ್ನು ಸವರುತ್ತಿದ್ದರು. ಒಳಗೆ ಏನಾದರೂ ಇದ್ದರೆ ತಾನೇ ಹೊರಗೆ ಬರುವುದು!

ನನ್ನದು ಮುಗಿದ ಮೇಲೆ ಅವರದು ಶುರುವಾಗುತ್ತಿತ್ತು. ಸತ್ತವರ ಮನೆಯಲ್ಲಿ ಎಲ್ಲರಿಗೂ ತಮ್ಮ ತಮ್ಮ ಸತ್ತವರು ನೆನಪಾಗುತ್ತಾರೆ. ಸರಸ್ವತಿ ನಗರದಿಂದ ಬಂದ ನನ್ನ ಚಿಕ್ಕಮ್ಮ, ಎಷ್ಟೋ ವರ್ಷದ ಹಿಂದೆ ಹೋದ ಚಿಕ್ಕಪ್ಪನನ್ನು ನಿನ್ನೆ ಹೋದವರಂತೆ ಹೇಳಿಕೊಂಡು ಅತ್ತಳು. ಮೊಸರು ಮಾರುವಾಕೆ ಬುಟ್ಟಿ ಇಳಿಸಿ, ತನ್ನ ಮೊದಲ ಕೂಸು ತೊಟ್ಟಿಲಲ್ಲೇ ತಣ್ಣಗಾಗಿದ್ದನ್ನು ಹೇಳಿದಳು. ದಿನಾ ಬಾಗಿಲಿಗೆ ಬರುವವಳು, ಆದರೂ ಆ ಕೂಸು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಕೇಳಿದೆ, ತಲೆಯಾಡಿಸಿದೆ. ಬಿಸಿಲಿಗೆ ಮೊಸರು ಹುಳಿಯಾಗುತ್ತದಲ್ಲ ಎಂದು ಯೋಚಿಸುತ್ತಿದ್ದೆ.

ಆದರೆ ನಮ್ಮ ನೆಂಟರೆಲ್ಲ ತಪ್ಪದೆ ಕೇಳುವ ಒಂದು ಪ್ರಶ್ನೆ ಇತ್ತು. ‘ಕೊನೆಗೆ ಶಿವಾ ಅಂದ್ನಾ?’ ಹೋಗುವಾಗ ಶಿವನ ಹೆಸರು ಬಾಯಲ್ಲಿ ಬಂದರೆ ಪುಣ್ಯದ ಸಾವು ಎಂದು ನಮ್ಮಲ್ಲಿ ಲೆಕ್ಕ. ಮೊದಲ ಸಲ ಯಾರೋ ಹಾಗೆ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅತ್ತೆ ಹೇಳಿದರು: ‘ಅಂದ. ಶಿವಾ ಅಂತ್ಲೇ ಕಣ್ಮುಚ್ಚಿದ ನನ್ ಮಗ.’ ಸುದ್ದಿ ತಿಳಿದು ಹರಿಹರದಿಂದ ಬಂದವರು ಅವರು. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ನನ್ನ ಗಂಡ ಶಿವಾ ಅನ್ನಲಿಲ್ಲ. ನಂದಿಗುಡಿಯ ಮಠಕ್ಕೆ ಹೋದರೂ ಗದ್ದುಗೆಗಿಂತ ಮೊದಲು ಊಟದ ಪಂಕ್ತಿ ಎಲ್ಲಿ ಎಂದು ನೋಡುತ್ತಿದ್ದ ಮನುಷ್ಯ. ಅವರು ಕೊನೆಗೆ ಆಡಿದ್ದು ಫ್ಯಾನಿನ ಮಾತು. ಅದನ್ನು ಕೇಳಿಸಿಕೊಂಡವಳು ನಾನು ಮಾತ್ರ.

ದಿನ ಕಳೆದಂತೆ ಅತ್ತೆಯ ಶಿವ ಬೆಳೆದ. ಮೊದಲು ಬರೀ ಹೆಸರಿತ್ತು. ಆಮೇಲೆ ಮಗ ಕೈ ಮುಗಿದ. ಅದಾದ ಮೇಲೆ ದೇವರ ಜಗಲಿಯ ಕಡೆ ತಿರುಗಿ ಕೈ ಮುಗಿದ. ಕೇಳುತ್ತಾ ಕೇಳುತ್ತಾ, ಕಣ್ಣು ಮುಚ್ಚಿದರೆ ನನಗೂ ಅವರು ಕೈ ಮುಗಿದು ಮಲಗಿರುವುದೇ ಕಾಣತೊಡಗಿತು. ಆಗ ಹೆದರಿಕೆಯಾಯಿತು. ದುಃಖವಲ್ಲ, ಹೆದರಿಕೆ. ಗಂಡ ನನಗೆಂದೇ ಆಡಿದ ಕೊನೆಯ ಮಾತು ಆ ಫ್ಯಾನಿನದೊಂದೇ. ಅದನ್ನೂ ಬಂದವರಿಗೆಲ್ಲ ಹೀಗೆ ಬೇರೆ ಮಾಡಿ ಹಂಚಿಬಿಟ್ಟರೆ ನನಗೇನು ಉಳಿಯಿತು? ಹಾಗಂತ ಮಗನನ್ನು ಮಣ್ಣು ಮಾಡಿ ಬಂದ ಮುದುಕಿಯ ಬಾಯಿಂದ ಶಿವನನ್ನು ಕಿತ್ತುಕೊಳ್ಳುವುದಾದರೂ ಹೇಗೆ? ಸುಮ್ಮನಿದ್ದೆ. ಸುಮ್ಮನಿರುವುದು ಅಷ್ಟರಲ್ಲಿ ಸುಲಭವೂ ಆಗಿತ್ತು.

ಜನ ಬರುವುದು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ವರ್ಕ್‌ಶಾಪಿನ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಹರಿಹರದಿಂದ ಬಂದರು. ಮಣ್ಣಿಗೂ ಬಂದಿದ್ದರು, ಆ ದಿನ ಮಾತಾಡಲು ಆಗಿರಲಿಲ್ಲವಂತೆ. ನಾನು ನನ್ನ ಪಾಠ ಒಪ್ಪಿಸಿದೆ. ಅತ್ತೆ ಜಗಲಿ, ಕೈ, ಶಿವ ಎಲ್ಲವನ್ನೂ ಸೇರಿಸಿ ಮುಗಿಸಿದರು.

ಸಾಹೇಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ‘ನಸೀಬ್ ಬೇಕಮ್ಮಾ ಅದಕ್ಕೆ’ ಅಂದರು. ‘ನಮ್ಮ ಅಬ್ಬಾ ಹೋಗುವಾಗ ಕಲ್ಮಾ ಹೇಳ್ಲಿ ಅಂತ ಎಲ್ರೂ ಸುತ್ತ ಕುಂತಿದ್ವಿ. ಅವ್ರು ನನ್ನ ಮುಖ ನೋಡಿ, ಶಟರ್ ಹಾಕಿದ್ಯಾ ಅಂದ್ರು. ಅಷ್ಟೇ ರೀ. ಜನಕ್ಕೆ ಬೇರೆ ಹೇಳ್ತೀವಿ.’

ಹೆಂಡತಿ ಮೊಣಕೈಯಿಂದ ತಿವಿದರು.

‘ಯಾಕ, ಸುಳ್ಳಾ?’ ಅಂದರು ಸಾಹೇಬರು. ‘ಈಗ್ಲೂ ಸಂಜಿಗೆ ಶಟರ್ ಎಳೆಯುವಾಗ, ಹಾಕ್ದೆ ಅಬ್ಬಾ ಅಂತೀನಿ.’

ಅವರಿಬ್ಬರು ಎದ್ದು ಹೋದರು. ನಾನು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ತೊಳೆಯುತ್ತಿದ್ದೆ. ಅತ್ತೆ ಹಿಂದೆಯೇ ಬಂದು ಅಡುಗೆಮನೆಯ ಗೋಡೆ ಹಿಡಿದು ನಿಂತರು.

‘ನಿಜ ಹೇಳವ್ವಾ. ಏನಂದ?’

ನಲ್ಲಿ ನಿಲ್ಲಿಸಿದೆ. ‘ಫ್ಯಾನ್ ಜಾಸ್ತಿ ಮಾಡು ಅಂದ್ರು, ಅತ್ತೆ.’

ಬೈಯುತ್ತಾರೆ ಅಂದುಕೊಂಡೆ. ಇಲ್ಲವೇ ನನ್ನ ಮಗನನ್ನು ಬರಿಗೈಯಲ್ಲಿ ಕಳಿಸಿದೆಯಲ್ಲೇ ಎಂದು ಎದೆ ಬಡಿದುಕೊಳ್ಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

‘ಮಾಡಿದ್ಯಾ?’

ಅಷ್ಟು ಜನ ಬಂದು ಹೋಗಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

‘ಐದ್ರಲ್ಲೇ ಇತ್ತು. ಅದಕ್ಕಿಂತ ಜಾಸ್ತಿ ಎಲ್ಲೈತೆ? ಹಂಗಂದ್ರೆ ಅವ್ರು ಕೇಳ್ತಿದ್ರಾ? ಎರಡಕ್ಕಿಳಿಸಿ, ಸ್ವಲ್ಪ ತಡೆದು, ಮತ್ತೆ ಐದಕ್ಕೇ ತಿರುವಿದೆ. ಹಾಂ, ಈಗ ಬಂತು ನೋಡು ಗಾಳಿ ಅಂದ್ರು. ಅದೇ ಕೊನೆ.’

ಅತ್ತೆಯ ಬಾಯಿ ಸೊಟ್ಟಗಾಯಿತು. ಅಳು ಎಂದುಕೊಂಡೆ. ನಗು ಅದು. ಮಗ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

‘ಸಣ್ಣವ್ನಿದ್ದಾಗ ಹಾಲು ಸಪ್ಪಗೈತೆ ಅಂತ ರಂಪ ಮಾಡ್ತಿದ್ದ’ ಅಂದರು. ‘ಮನ್ಯಾಗೆ ಸಕ್ರೆ ಎಲ್ಲಿತ್ತು ಆಗ? ಲೋಟ ಒಳಗೊಯ್ದು ಬರೀ ಚಮಚ ತಿರುವಿ ತಂದು ಕೊಡ್ತಿದ್ದೆ. ಈಗ ಸಿಹಿ ಆತು ನೋಡವ್ವಾ ಅಂತ ಗಟಗಟ ಕುಡೀತಿದ್ದ, ಹುಚ್ಚಪ್ಪ.’

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಹಾಲು ಕುಡಿದು ಬಾಯಿ ಒರೆಸಿಕೊಳ್ಳುವ ಆ ಹುಡುಗನೂ, ಮಂಚದ ಮೇಲೆ ಮಲಗಿ ಗಾಳಿ ಬಂತು ಅಂದ ನನ್ನ ಗಂಡನೂ ಒಬ್ಬನೇ ಎಂದು ಆಗ ಹೊಳೆಯಿತು. ಸತ್ತವನು ಅವನು. ಯಾರದೋ ಗಂಡನಲ್ಲ. ಕಟ್ಟೆ ಹಿಡಿದು ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅಷ್ಟು ದಿನ ಎಲ್ಲಿತ್ತೋ ಅಳು, ನಿಲ್ಲಲೇ ಇಲ್ಲ. ಅತ್ತೆ ಪಕ್ಕದಲ್ಲಿ ಕೂತು ನನ್ನ ಒದ್ದೆ ಕೈ ಹಿಡಿದುಕೊಂಡರು.

ಕೋಣೆಯಿಂದ ಮಗಳು ಓಡಿ ಬಂದಳು. ‘ಏನಾತಜ್ಜಿ? ಅಮ್ಮಂಗೇನಾತು?’

‘ಏನಿಲ್ಲ ಬಿಡವ್ವಾ’ ಅಂದರು ಅತ್ತೆ. ‘ನಿಮ್ಮಪ್ಪನ್ನ ನಾವಿಬ್ರೂ ಹೆಂಗೆ ಯಾಮಾರಿಸಿದ್ವಿ ಅಂತ ಹೇಳ್ಕಂತಿದ್ವಿ.’