ತಣ್ಣೀರಿಗೆ ಮೈ ಒಗ್ಗಿಸುವ ಕೆಲಸ

ಮೊಮ್ಮಕ್ಕಳೇ, ನಿಮ್ಮ ಅಜ್ಜಿ ಚಳಿಗಾಲದಲ್ಲಿ ತಣ್ಣೀರು ಸ್ನಾನ ಮಾಡಿ ಮನೆಯ ಮಾನ ಕಳೆದಳು ಎಂಬ ಮಾತು ನಿಮ್ಮಿಬ್ಬರ ಕಿವಿಗೂ ಬಿದ್ದಿರುತ್ತದೆ. ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಕಳಸದ ಹತ್ತಿರ, ಭದ್ರೆಯ ದಡದಲ್ಲಿ. ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಅದಕ್ಕಿಂತ ಚೆನ್ನಾಗಿ ಕಲಿತದ್ದು ಈಜು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ನನ್ನನ್ನು ನೀರಿಗೆ ಬಿಟ್ಟರು. ಬುರುಡೆ ಬಿಚ್ಚಿದ ಮೇಲೆ ಆಚೆ ದಡದ ಅತ್ತಿಮರ ಮುಟ್ಟಿ ಬರುತ್ತಿದ್ದೆ. ನಾನು ದೊಡ್ಡವಳಾದ ವರ್ಷ ಅದೇ ಅಪ್ಪ, ಇನ್ನು ಸಾಕು ಎಂದರು. ಕಾರಣ ಹೇಳಲಿಲ್ಲ.

ಮದುವೆಯಾಗಿ ಬಣಕಲ್ ಕಡೆಯ ಈ ತೋಟಕ್ಕೆ ಬಂದೆ. ಇಲ್ಲಿ ನನಗೆ ಮೊದಲು ವಹಿಸಿದ ಕೆಲಸ ಬಚ್ಚಲಿನ ಹಂಡೆಯ ಒಲೆ. ಬೆಳಕು ಹರಿಯುವ ಮೊದಲು ಎದ್ದು ಹಂಡೆ ತುಂಬಿಸಿ ಬೆಂಕಿ ಹಾಕಬೇಕು. ಮಾವನವರು, ನಿಮ್ಮ ಅಜ್ಜ, ಮೈದುನಂದಿರು, ನಾದಿನಿ, ಬಂದ ನೆಂಟರು, ಎಲ್ಲರದೂ ಆಗಬೇಕು. ನನ್ನ ಸರದಿ ಬರುವಾಗ ಹಂಡೆಯ ತಳದಲ್ಲಿ ಬೂದಿ ಬಿದ್ದ ನೀರು ಸ್ವಲ್ಪ ಉಳಿದಿರುತ್ತಿತ್ತು, ಅದೂ ಆರಿದ್ದು. ಮತ್ತೆ ತುಂಬಿಸಿ ಕಾಯಿಸುವಷ್ಟು ಹೊತ್ತು ಅಡುಗೆಮನೆ ನನ್ನನ್ನು ಬಿಡುತ್ತಿರಲಿಲ್ಲ. ಎಷ್ಟೋ ಚಳಿಗಾಲ ಹಾಗೇ ಕಳೆಯಿತು. ಆಗೆಲ್ಲ ಯಾರೂ ಅಯ್ಯೋ ಎನ್ನಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಒಂದು ಬೇಸಗೆಯ ಮಧ್ಯಾಹ್ನ, ಯಾರೂ ಇಲ್ಲದ್ದು ನೋಡಿ ತೋಟದ ಕೆರೆಗೆ ಇಳಿದೆ. ಕೈಕಾಲಿಗೆ ಏನೂ ಮರೆತಿರಲಿಲ್ಲ. ಪಕ್ಕದ ತೋಟದಲ್ಲಿ ಹೋಂಸ್ಟೇ ನಡೆಸುವ ಹೆಂಗಸು ಬೇಲಿಯಾಚೆಯಿಂದ ನೋಡಿದಳು. ಅವಳೂ ಈಜುವವಳು. ಪ್ರತಿ ಜನವರಿಯಲ್ಲಿ ಅವರ ತೋಟದ ಕೆಳಗಿನ ದೊಡ್ಡ ಕೆರೆಯಲ್ಲಿ ಈಜಿನ ಪಂದ್ಯ ಇಡುತ್ತಾರಂತೆ. ನೀವೂ ಬನ್ನಿ ಎಂದಳು. ಬೇರೆ ಊರುಗಳಿಂದ ಬರುವವರು ಮೈಗಂಟುವ ರಬ್ಬರ್ ಸೂಟು ಹಾಕುತ್ತಾರಂತೆ, ಅದರಿಂದ ಮೈಯ ಬಿಸಿ ಮೈಯಲ್ಲೇ ನಿಲ್ಲುತ್ತದಂತೆ. ಅದನ್ನು ಹಾಕಿಕೊಳ್ಳಲು ಇನ್ನೊಬ್ಬರು ಹಿಂದಿನಿಂದ ಎಳೆದುಕೊಡಬೇಕು ಎಂದಾಗ ನಾನು ಬೇಡವೆಂದೆ. ಕನ್ನಡಿಯ ಮುಂದೆ ಒಬ್ಬಳೇ ನಿಲ್ಲಲೂ ನಾಚುವವಳು ನಾನು. ಹಾಗಾದರೆ ಸೂಟಿಲ್ಲದೆಯೂ ಈಜಬಹುದು, ಆದರೆ ಮೈ ಚಳಿಗೆ ಒಗ್ಗಬೇಕು ಎಂದಳು. ದೀಪಾವಳಿಯಿಂದ ಬಿಸಿನೀರು ಬಿಡಬೇಕು. ಬೆಳಗಿನ ಜಾವ, ನೀರು ಕೊರೆಯುವ ಹೊತ್ತಿನಲ್ಲೇ ಕೆರೆಗಿಳಿಯಬೇಕು.

ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದೆ. ನಾನು ಕದ್ದು ಮಾಡಿದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ನಿಮ್ಮಪ್ಪ ಅನ್ನ ನೆತ್ತಿಗೇರುವಷ್ಟು ನಕ್ಕ. ನೀವೂ ನಕ್ಕಿರಿ. ನಿಮ್ಮಮ್ಮ ಮಾತ್ರ, ಜ್ವರ ಬರಿಸಿಕೊಂಡೀರಿ ಎಂದು ಸಾರು ಬಡಿಸಿದಳು. ಬೇಡ ಎಂದು ಯಾರೂ ಹೇಳಲಿಲ್ಲವಲ್ಲ, ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮೂಡಿಗೆರೆಯ ದರ್ಜಿಯಿಂದ ಮೈಗೆ ಹತ್ತಿಕೊಳ್ಳುವ ತುಂಬುತೋಳಿನ ಅಂಗಿ, ಪ್ಯಾಂಟು ಹೊಲಿಸಿದೆ. ಮೊಮ್ಮಗಳಿಗೆ ಎಂದೆ. ಅವನು ನನ್ನ ಅಳತೆ ತೆಗೆಯುತ್ತಾ, ಮೊಮ್ಮಗಳು ಚೆನ್ನಾಗಿ ಬೆಳೆದಿದ್ದಾಳೆ ಎಂದು ಗಂಭೀರವಾಗಿಯೇ ಹೇಳಿದ. ಕಾಫಿ ಒಣಗಿಸುವ ಕಣದ ಪಕ್ಕದ ನಲ್ಲಿಗೆ ಕೆರೆಯ ನೀರೇ ಬರುವುದರಿಂದ ಅದರ ಕೆಳಗೆ ಸೀರೆ ಸುತ್ತಿಕೊಂಡು ಕೂತು ಸ್ನಾನ ಶುರು ಮಾಡಿದೆ. ಮೊದಲ ಚೆಂಬಿಗೆ ಉಸಿರು ಗಂಟಲಲ್ಲಿ ನಿಂತುಬಿಡುತ್ತಿತ್ತು. ಕುಪ್ಪಸದ ಹುಕ್ಕು ಹಾಕಲು ಬೆರಳು ಮಡಚುತ್ತಿರಲಿಲ್ಲ. ಕೆರೆಯಲ್ಲಿ ಇನ್ನೂ ಕಷ್ಟ, ಮುಖ ಮುಳುಗಿಸಿದರೆ ಹಣೆಗೆ ಹೊಡೆದ ಹಾಗೆ ನೋಯುತ್ತಿತ್ತು. ಹೆದರದೆ ನಿಧಾನಕ್ಕೆ ಉಸಿರು ಬಿಡಿ ಎಂದು ಆ ಹೆಂಗಸು ಹೇಳಿಕೊಟ್ಟಿದ್ದಳು. ಹಾಗೇ ಮಾಡುತ್ತಾ ಬಂದೆ. ಕಾಫಿ ಹಣ್ಣು ಕುಯ್ಯುವ ಕೆಲಸ ಜೋರಾಗುವ ಹೊತ್ತಿಗೆ ಉಸಿರು ನನ್ನ ಮಾತು ಕೇಳತೊಡಗಿತು. ಮಂಜಿನಲ್ಲಿ ಆಚೆ ದಡ ಕಾಣದಿದ್ದರೂ ಮುಟ್ಟಿ ಬರುತ್ತಿದ್ದೆ. ಈ ಮನೆಯಲ್ಲಿ ನನಗೋಸ್ಕರ ನಾನು ಮಾಡಿದ ಬೇರೆ ಯಾವ ಕೆಲಸವೂ ನೆನಪಿಗೆ ಬರುತ್ತಿಲ್ಲ.

ತೋಟದ ಕೂಲಿ ಲೈನಿನಿಂದ ಬೆಳಗಿನ ಹಾಜರಿಗೆ ಹೋಗುವ ಹೆಂಗಸರು ನೋಡದೆ ಇರುತ್ತಾರೆಯೇ? ಮನೆಯಲ್ಲಿ ಹಂಡೆ ಇರುವಾಗ ಅಮ್ಮ ಹೊರಗೆ ತಣ್ಣೀರು ಸುರಿದುಕೊಳ್ಳುತ್ತಾರೆ ಎಂಬ ಸುದ್ದಿ ಒಂದೊಂದೇ ತೋಟ ದಾಟಿತು. ಹೆಂಗಸು ತಣ್ಣೀರು ಸುರಿದುಕೊಂಡರೆ ಹರಕೆ ಇರಬೇಕು, ಇಲ್ಲವೇ ಸಿಟ್ಟು ಇರಬೇಕು. ಬೇಕೆನಿಸಿ ಸುರಿದುಕೊಳ್ಳುವುದು ಯಾರಿಗೂ ಹೊಳೆಯುವುದಿಲ್ಲ. ಸೊಸೆ ಬಿಸಿನೀರು ಕೊಡುವುದಿಲ್ಲ ಎಂದಾಯಿತು. ಮೂಡಿಗೆರೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ನನ್ನ ನಾದಿನಿ ನಿಮ್ಮಮ್ಮನಿಗೆ ಹೇಳಿದಳು:

"ತೋಟದ ತುಂಬ ಸಿಲ್ವರ್ ಮರ ನಿಂತಿದೆಯಲ್ಲ ಮಾರಾಯ್ತಿ, ಅತ್ತೆಗೆ ಒಂದು ಚೆಂಬು ನೀರು ಕಾಯ್ಸಕ್ಕೆ ನಿಮ್ಮನೇಲಿ ಕಟ್ಟಿಗೆ ಸಿಗ್ಲಿಲ್ವಾ?"

ನಿಮ್ಮಮ್ಮನ ಎಲೆಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು.

ಅಲ್ಲಿಗೂ ಮುಗಿಯಲಿಲ್ಲ. ಗಂಡ ಇಲ್ಲದ ಹೆಂಗಸು ಬೆಳಗಿನ ಜಾವ ಒಬ್ಬಳೇ ಕೆರೆಯ ದಾರಿ ಹಿಡಿದರೆ ಊರಿನವರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ. ಸೊಸೆಯ ಕಾಟ ತಾಳಲಾರದೆ ಕೆರೆಗೆ ಬೀಳಲು ಹೋಗುತ್ತಾಳಂತೆ, ಧೈರ್ಯ ಸಾಲದೆ ಒದ್ದೆಯಾಗಿ ವಾಪಸು ಬರುತ್ತಾಳಂತೆ. ನಾದಿನಿ ಓಡಿ ಬಂದಳು. ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡರು. ಎದುರಿಗೆ ನಿಮ್ಮಪ್ಪ, ಒಳಗಿನ ಬಾಗಿಲ ಹಿಂದೆ ನಿಮ್ಮಮ್ಮ. ಪಂದ್ಯಕ್ಕೆ ಮೈ ಒಗ್ಗಿಸುತ್ತಿದ್ದೇನೆ ಎಂದು ನಾನು ಮತ್ತೊಮ್ಮೆ ಹೇಳಿದೆ. ನಾದಿನಿ ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೆ, ನಿಮ್ಗೆ ಎಂತ ಕಮ್ಮಿ ಆಗಿದೆ ಹೇಳಿ, ನಾವು ಸರಿ ಮಾಡ್ತೀವಿ. ಈಜು ಗೀಜು ಅಂತ ಮುಚ್ಚಿಡ್ಬೇಡಿ."

ಆ ಕಾಲದಲ್ಲಿ ನನ್ನ ಪಾಲಿನ ನೀರು ಬಿಸಿಯಿದೆಯೇ ಎಂದು ಮುಟ್ಟಿ ನೋಡದವಳು, ತನ್ನ ಸ್ನಾನಕ್ಕೆ ನೀರು ಕಾಯಿಸೆಂದು ನನ್ನನ್ನು ಕೂಗಿ ಕೂಗಿ ಕರೆಯುತ್ತಿದ್ದವಳು, ಇವಳೇ. ಅದನ್ನು ಹೇಳಬೇಕು ಅನ್ನಿಸುವಷ್ಟರಲ್ಲಿ ಅಲ್ಲೇ ತೀರ್ಮಾನವಾಯಿತು. ಇನ್ನು ಮೊದಲ ಸ್ನಾನ ನನ್ನದು, ತುಂಬಿದ ಹಂಡೆಯಿಂದ. ಕೆರೆಗೆ ಹೋಗುವ ಗೇಟಿಗೆ ನಿಮ್ಮಪ್ಪ ಬೀಗ ಹಾಕಿದ.

ಸಂಜೆ ನಿಮ್ಮಮ್ಮ ಕೊಟ್ಟಿಗೆಯ ಹತ್ತಿರ ಬಂದು ನಿಂತಳು.

"ಅತ್ತೆ, ನೀವು ಈಜೋದು ನಂಗೊತ್ತು. ಕೆರೆ ಏರಿ ಮೇಲೆ ನಿಂತು ನೋಡಿದೀನಿ. ಆದ್ರೆ ಮಾತು ನನ್ನ ತವರುಮನೆವರೆಗೂ ಹೋಗಿದೆ. ಅಮ್ಮ ಫೋನಲ್ಲಿ ಅಳ್ತಿದ್ರು."

ಜಗಲಿಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಸೊಸೆಯಾಗಿದ್ದ ಕಾಲದಲ್ಲಿ ಜಗಲಿಗೆ ಬಂದು ಮಾತಾಡಿದವಳು ನಾನೂ ಅಲ್ಲ.

ಮರುದಿನದಿಂದ ಬಿಸಿನೀರು ಸ್ನಾನ ಮಾಡಿದೆ. ತುಂಬಿದ ಹಂಡೆಯಿಂದ ಮೊದಲ ಚೆಂಬು ನಾನು ತೆಗೆದದ್ದು ಬದುಕಿನಲ್ಲಿ ಅದೇ ಮೊದಲು. ಹಿತವಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಕೊಡುವಾಗ ಕೊಡದೆ, ಬೇಡವೆಂದಾಗ ಹುಯ್ದರು.

ಆದರೂ ಪಂದ್ಯಕ್ಕೆ ಹೋದೆ. ಹೋಂಸ್ಟೇಯ ಹೆಂಗಸು ಮನೆಗೇ ಬಂದು ಕರೆದದ್ದರಿಂದ ನಿಮ್ಮಪ್ಪ ಅವಳೆದುರು ಇಲ್ಲ ಎನ್ನಲಾಗದೆ ಜೀಪಿನಲ್ಲಿ ಬಿಟ್ಟ. ದಡದಲ್ಲಿ ಕರಿ ಸೂಟಿನವರು ಒಬ್ಬರ ಬೆನ್ನಿನ ಜಿಪ್ಪು ಒಬ್ಬರು ಎಳೆಯುತ್ತಿದ್ದರು. ನಾನು ದರ್ಜಿ ಹೊಲಿದ ಅಂಗಿಯಲ್ಲಿ, ಮೇಲೊಂದು ಶಾಲು ಹೊದ್ದು, ಕೊನೆಗೆ ನಿಂತೆ. ಇಳಿದ ಕೂಡಲೇ ತಿಳಿಯಿತು, ಬಿಸಿನೀರು ಕಂಡ ಮೈ ಕಲಿತದ್ದನ್ನೆಲ್ಲ ಮರೆತಿದೆ. ಗಂಟಲಲ್ಲಿ ನಿಂತ ಉಸಿರು ಮತ್ತೆ ನನ್ನ ಮಾತು ಕೇಳಲಿಲ್ಲ. ಕೆಂಪು ಚೆಂಡು ತೇಲಿಬಿಟ್ಟ ಮೊದಲ ಗುರುತಿನವರೆಗೆ ಹೇಗೋ ಹೋದೆ. ಅಲ್ಲಿ ದವಡೆ ಗಟ್ಟಿಯಾಯಿತು, ತೋಳು ಮೇಲೇಳಲಿಲ್ಲ. ದೋಣಿಯವರು ಎತ್ತಿಕೊಂಡರು. ಕಂಬಳಿ ಸುತ್ತಿ ದಡಕ್ಕೆ ತಂದರು.

ನೋಡಲು ಬಂದ ನಾದಿನಿ ನನ್ನ ಅಂಗಾಲು ತಿಕ್ಕುತ್ತಾ, ಆಗ ಅಷ್ಟು ದಿನ ತಣ್ಣೀರು ಹುಯ್ಕೊಂಡಿದ್ದಕ್ಕೇ ಮೈಗೆ ಶೀತ ಇಳಿದದ್ದು ಎಂದಳು. ಎಲ್ಲರೂ ಹೌದು ಹೌದು ಎಂದರು. ಇವತ್ತಿಗೂ ನೆಂಟರಲ್ಲಿ ಇದೇ ಕತೆ.

ಈಗ ಮತ್ತೆ ದೀಪಾವಳಿ ಮುಗಿದಿದೆ. ನಿಮ್ಮಮ್ಮ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುತ್ತಾಳೆ. ಹೊಗೆ ಹೆಂಚಿನ ಮೇಲೆ ಏಳುತ್ತದೆ. ಹಾಜರಿಗೆ ಹೋಗುವವರ ದಾರಿಯ ಕಡೆ ಮುಖ ಮಾಡಿ, "ನೀರು ಕಾದಿದೆ, ಬನ್ನಿ ಅತ್ತೆ" ಎಂದು ಗಟ್ಟಿಯಾಗಿ ಕೂಗುತ್ತಾಳೆ. ನಾನು ಒಳಗೆ ಹೋಗಿ ಚಿಲಕ ಹಾಕುತ್ತೇನೆ. ಹಂಡೆಯ ಪಕ್ಕ ಒಂದು ಡ್ರಮ್ಮು ಇದೆ, ರಾತ್ರಿಯೇ ಅದಕ್ಕೆ ತಣ್ಣೀರು ತುಂಬಿಸಿಡುವವಳು ಅವಳು. ಆ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ. ನಾನು ಸುರಿದುಕೊಳ್ಳುವುದು ಆ ತಣ್ಣೀರನ್ನೇ, ಹಂಡೆಯ ನೀರಲ್ಲಿ ನಿಮ್ಮ ಸ್ನಾನ ಆಗುತ್ತದೆ.

ಆದರೆ ಡ್ರಮ್ಮಿನ ನೀರಿನಲ್ಲಿ ಕೈ ಬೀಸಲು ಆಗುವುದಿಲ್ಲ. ಗೇಟಿನ ಬೀಗದ ಕೈ ಇನ್ನೂ ನಿಮ್ಮಪ್ಪನ ಹತ್ತಿರವೇ ಇದೆ. ನನ್ನ ಮಗನನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ, ನಿಮ್ಮಮ್ಮನಿಗೂ ಬರುವುದಿಲ್ಲ. ಇದನ್ನು ಓದಿದ ಮೇಲೆ ನಿಮ್ಮಿಬ್ಬರಲ್ಲಿ ಒಬ್ಬರು ಕೇಳಿ. ಯಾಕೆಂದು ಕೇಳಿದರೆ ಅಜ್ಜಿಗೆ ಈಜಬೇಕಂತೆ ಎನ್ನಿ. ಅವನು ನಕ್ಕರೆ ಈ ಸಲ ನೀವು ನಗಬೇಡಿ.