ಕಾಫಿ ಕುಡಿದ ಆಂಥೂರಿಯಂ

ಮಕ್ಕಳೇ, ಕಿಟಕಿಯ ಬಳಿ ಇರುವ ಆಂಥೂರಿಯಂ ನಿಮ್ಮ ಅಜ್ಜ ಕೊನೆಯದಾಗಿ ನೆಟ್ಟ ಗಿಡ. ಅದು ಸೊರಗಬಾರದೆಂದು ನಾನು ದಿನವೂ ಕಾಫಿ ಚರಟ ಹಾಕಿ ನೀರು ಹೊಯ್ಯುತ್ತಿದ್ದೆ. ಆಮೇಲೆ ಕುಂಡದಿಂದ ಕರಿ ನುಸಿಗಳು ಏಳತೊಡಗಿದವು, ಎಲೆಗಳು ಹಳದಿಯಾದವು. ಗಿಡ ಕೈತಪ್ಪುತ್ತದೆಂದು ಹೆದರಿ, ಸಂಕೋಚ ಬಿಟ್ಟು, ಕಾಫಿ ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಪಕ್ಕದ ಮನೆಯವಳನ್ನು ಕರೆದೆ.

ಅವಳು ಮಣ್ಣಿಗೆ ಬೆರಳಿಟ್ಟು ನಕ್ಕಳು. “ದಿನಾ ಕಾಫಿ ಕೊಟ್ರೆ ನೆಂಟ್ರು ಹೋಗ್ತಾರಾ ಅಮ್ಮ? ಮಣ್ಣು ಒಣಗ್ಲಿ ಬಿಡಿ.”

ಚರಟವನ್ನೂ ಮೇಲಿನ ಒದ್ದೆ ಮಣ್ಣನ್ನೂ ತೆಗೆದು ಹೊಳೆಮರಳು ಹರಡಿದಳು. ಬೆರಳಿಗೆ ತೇವ ತಾಗುತ್ತಿರುವಷ್ಟು ದಿನ ನೀರು ಬೇಡವೆಂದಳು. ತಿಂಗಳೊಳಗೆ ನುಸಿ ಹೋಗಿ ಹೊಸ ಎಲೆ ಬಂತು. ಒಂದೇ ಬೆರಳಲ್ಲಿ ಗಿಡದ ರೋಗ ಪತ್ತೆಹಚ್ಚಿದ ಅವಳ ಜಾಣತನಕ್ಕೆ ಇಂದಿಗೂ ತಲೆದೂಗುತ್ತೇನೆ.

ನಿಮಗಾಗಿ ಬರೆದಿಟ್ಟ ಈ ಹಾಳೆಗಳನ್ನೂ ತೇವ ತಾಗದ ಕಡೆ ಜೋಪಾನವಾಗಿಡಿ.